ಹೂಮಳೆಯ ದಿನ ತಪ್ಪಿಹೋದ ಸಂದೇಶಗಳು

ಬೇಸಗೆಯಲ್ಲಿ ಕಾಫಿಯ ಮೊಗ್ಗು ಅರಳಿಸುವ ಹೂಮಳೆ ಬಂದ ದಿನ ನಮ್ಮ ಕಡೆಯ ಕಾಫಿ ಬೆಳೆಗಾರರು ಮಳೆ ನೋಡುತ್ತಾ ಕೂರುವುದಿಲ್ಲ, ಫೋನು ಹಿಡಿದು ಕೂರುತ್ತಾರೆ. "ನಿಮ್ಮಲ್ಲಿ ಎಷ್ಟಾಯ್ತು?" ಎಂಬ ಪ್ರಶ್ನೆ ಮೂಡಿಗೆರೆಯಿಂದ ಕಳಸಕ್ಕೆ, ಕಳಸದಿಂದ ಆಲ್ದೂರಿಗೆ ಹೋಗಿ ಬರುತ್ತಲೇ ಇರುತ್ತದೆ. "ಅರವತ್ತು ಸೆಂಟು" ಎನ್ನುವವರ ದನಿ ಸಣ್ಣಗಿರುತ್ತದೆ. "ಒಂದೂಕಾಲು ಇಂಚು" ಎನ್ನುವವರ ದನಿ ಪಕ್ಕದ ತೋಟಕ್ಕೂ ಕೇಳುತ್ತದೆ. ನೂರು ಸೆಂಟು ಸೇರಿದರೆ ಒಂದು ಇಂಚು. ಸ್ವಂತ ಮದುವೆಯ ದಿನ ಮರೆತವರು ಇಲ್ಲಿ ಸಿಕ್ಕಾರು, ಹೋದ ವರ್ಷದ ಹೂಮಳೆಯ ಸೆಂಟು ಮರೆತವರು ಸಿಗಲಾರರು. ನನ್ನ ವೃತ್ತಿಯ ಕಷ್ಟಗಳಿಗೆಲ್ಲ ಈ ಒಂದು ಪ್ರಶ್ನೆಯೇ ಮೂಲ, ಸಂತೋಷಕ್ಕೂ ಅದೇ ಎನ್ನಿ.

ನಾನು ಸುಮಿತ್ರಾ. ಚಿಕ್ಕಮಗಳೂರಿನಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮಹಡಿಯ ಮೇಲಿದ್ದ ಸಣ್ಣ ಕಂಪನಿಯಲ್ಲಿ ವೈರ್‌ಲೆಸ್ ಡ್ರೈವರ್ ಬರೆಯುವ ಕೆಲಸ ಮಾಡಿ ನಿವೃತ್ತಳಾದವಳು. ರೇಡಿಯೊ ಚಿಪ್ಪಿಗೂ ಕಂಪ್ಯೂಟರಿನ ಉಳಿದ ಭಾಗಕ್ಕೂ ನಡುವೆ ನಿಂತು ಮಾತು ದಾಟಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದು ಸರಿಯಾಗಿ ನಡೆದಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಟ್ಟಾಗ ಎಲ್ಲರ ಬಾಯಿಗೂ ಬೀಳುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನಗಳ ಸುದ್ದಿ ಇಲ್ಲಿಲ್ಲ. ಸನ್ಮಾನದ ಶಾಲು ಬೀರುವಿನಲ್ಲಿ ಕ್ಷೇಮವಾಗಿದೆ.

ಕಂಪನಿಯ ಯಜಮಾನರು ರಶೀದ್ ಸಾಹೇಬರು. ಕೊಟ್ಟಿಗೆಹಾರದಲ್ಲಿ ಅವರ ತಂದೆಗೆ ಜೀಪು ರಿಪೇರಿಯ ಗ್ಯಾರೇಜಿತ್ತು. ಮಗ ಮೊದಲು ಎಸ್ಟೇಟುಗಳ ವಾಕಿಟಾಕಿ ರಿಪೇರಿ ಮಾಡಿ, ಆಮೇಲೆ ಎಂಜಿನಿಯರಿಂಗ್ ಓದಿ, ಈ ಕಂಪನಿ ಕಟ್ಟಿದವರು. ಗ್ಯಾರೇಜಿನ ಬುದ್ಧಿ ಅವರನ್ನು ಕಡೆಯವರೆಗೂ ಬಿಡಲಿಲ್ಲ. ಪ್ರೋಗ್ರಾಮು ಕೆಟ್ಟಿದೆ ಎಂದರೆ "ಸ್ವಲ್ಪ ದೊಡ್ಡ ಸೈಜಿನದು ಹಾಕಿ ನೋಡುವ" ಎನ್ನುತ್ತಿದ್ದರು. ಸಿಟ್ಟು ಬಂದರೆ ಮಾತಾಡುತ್ತಿರಲಿಲ್ಲ, ಸ್ಕ್ರೂಡ್ರೈವರ್ ತೆಗೆದುಕೊಂಡು ಸರಿಯಾಗಿಯೇ ಇದ್ದ ಫ್ಯಾನನ್ನು ಬಿಚ್ಚುತ್ತಿದ್ದರು. ಅವರ ಕೈಕೆಳಗೆ ಅಷ್ಟು ವರ್ಷ ದುಡಿದೆ, ನನಗೆ ಅವರ ಮೇಲೆ ಈಗಲೂ ಬಹಳ ಪ್ರೀತಿ.

ನಾವು ಮಾಡಿದ್ದು ಮಳೆಯ ಪೆಟ್ಟಿಗೆ. ತೋಟದಲ್ಲಿ ಒಂದು ಮಳೆಮಾಪಕ, ಮನೆಯಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆಯ ಪರದೆಯಲ್ಲಿ ನಿಮ್ಮ ತೋಟದ ಮಳೆ ಕಾಣಿಸುತ್ತದೆ. 'ಕೇಳು' ಎಂಬ ಗುಂಡಿ ಒತ್ತಿದರೆ ಅಕ್ಕಪಕ್ಕದ ತೋಟಗಳ ಮಳೆಯೂ ಕಾಣಿಸುತ್ತದೆ. ಎಲ್ಲ ಸಂದೇಶಗಳೂ ಕೊಟ್ಟಿಗೆಹಾರದ ಮೇಲಿನ ಗುಡ್ಡದಲ್ಲಿ ನಿಲ್ಲಿಸಿದ್ದ ಒಂದು ದೊಡ್ಡ ರಿಸೀವರಿಗೆ ಹೋಗಿ, ಅಲ್ಲಿಂದ ಹಂಚಿಕೆಯಾಗುತ್ತಿದ್ದವು. ಆ ರಿಸೀವರಿನ ಡ್ರೈವರ್ ನನ್ನ ಪಾಲಿನ ಕೆಲಸ. 'ಕೇಳು' ಗುಂಡಿ ಸಾಹೇಬರ ಯೋಚನೆ. "ಜನ ಹೆಂಗೂ ಕೇಳ್ತಾರೆ ಸುಮಿತ್ರಮ್ಮ. ಫೋನಿನಲ್ಲಿ ಕೇಳೋದನ್ನ ನಮ್ಮ ಪೆಟ್ಟಿಗೇಲಿ ಕೇಳಲಿ" ಎಂದಿದ್ದರು.

ಪೆಟ್ಟಿಗೆ ಹಾಕಿಸಿಕೊಂಡವರಲ್ಲಿ ಜಾವಳಿಯ ಮೈಮುನಮ್ಮನೂ ಒಬ್ಬರು. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನಿಂತು ನೋಡಿಕೊಂಡವರು. ಮಾತು ಕಡಿಮೆ, ಆಡಿದರೆ ಮೆಣಸಿನಕಾಯಿ. ಅವರ ರೊಬಸ್ಟಾ ಕಾಫಿಯ ತೋಟ ಮನೆಯಿಂದ ದಿಬ್ಬ ದಾಟಿದ ಮೇಲೆ ಸಿಗುತ್ತಿತ್ತು. ನಮ್ಮ ಕಡೆ ದಿಬ್ಬದ ಈಚೆ ಬಿದ್ದ ಮಳೆ ಆಚೆಯೂ ಬಿದ್ದಿರಬೇಕೆಂಬ ನಿಯಮವಿಲ್ಲ. ಮಂಡಿನೋವಿನ ಅವರಿಗೆ ಪ್ರತಿ ಸಲ ಹತ್ತಿ ಇಳಿದು ನೋಡಿ ಬರುವುದು ಆಗುತ್ತಿರಲಿಲ್ಲ. ಸ್ಪ್ರಿಂಕ್ಲರಿನ ಪೈಪುಗಳನ್ನು ಕಾಯಂ ಆಗಿ ಹೂಳಿಸಿ, ಪಂಪಿನ ಸ್ವಿಚ್ಚನ್ನು ಮನೆಯ ಜಗಲಿಗೆ ತಂದುಕೊಂಡಿದ್ದರು.

ತೋಟದ ಕೆಳಗೊಂದು ಪುಟ್ಟ ಕೆರೆ. ಅದರ ನೀರು ಬೇಸಗೆಯಲ್ಲಿ ಇಡೀ ತೋಟಕ್ಕೆ ಒಂದೇ ಒಂದು ಸಲ ಬಿಡುವಷ್ಟು. ಕಾಫಿಗೆ ಬೇಕಾದದ್ದು ಎರಡು ಮಳೆ: ಮೊಗ್ಗು ಬಿರಿಯಲು ಹೂಮಳೆ, ಕೆಲವು ವಾರ ಬಿಟ್ಟು ಕಾಯಿ ಕಚ್ಚಲು ಬ್ಯಾಕಿಂಗ್ ಮಳೆ. ಹೂಮಳೆ ಅರೆಬರೆ ಬಿದ್ದರೆ ಬೀಳದೆ ಇರುವುದಕ್ಕಿಂತ ಕಷ್ಟ. ಸಡಿಲವಾದ ಮೊಗ್ಗು ಅರಳಲಾರದೆ ಬಾಡುತ್ತದೆ, ತಡಮಾಡದೆ ನೀರು ಬಿಡಬೇಕು. ಹೂಮಳೆ ಚೆನ್ನಾಗಿ ಬಿದ್ದರೆ ಕೆರೆಯ ನೀರನ್ನು ಬ್ಯಾಕಿಂಗಿಗೆ ಉಳಿಸಿಕೊಳ್ಳಬಹುದು. ಪಂಪಿನ ಸ್ವಿಚ್ಚು ಒತ್ತಬೇಕೋ ಬೇಡವೋ ಎಂಬ ಒಂದು ತೀರ್ಮಾನದಲ್ಲಿ ಅವರ ವರ್ಷದ ಫಸಲು ನಿಂತಿರುತ್ತಿತ್ತು. ಆ ತೀರ್ಮಾನಕ್ಕಾಗಿ ಅವರು ನಮ್ಮ ಪೆಟ್ಟಿಗೆ ಇಟ್ಟುಕೊಂಡಿದ್ದರು.

ಮೊದಲನೆಯ ವರ್ಷದ ಹೂಮಳೆ ಒಂದು ಮಧ್ಯಾಹ್ನ ಗುಡುಗಿಕೊಂಡು ಬಂತು. ಆಫೀಸಿನಲ್ಲಿ ನಮಗೆಲ್ಲ ಹಬ್ಬ. ಎಲ್ಲ ತೋಟಗಳ ಮಳೆಯೂ ಪರದೆಯ ಮೇಲೆ ಏರತೊಡಗಿತು. ಸಾಹೇಬರು ಎಲ್ಲರಿಗೂ ಚಹಾ ತರಿಸಿದರು. ಚಹಾ ಕುಡಿದು ಮುಗಿಯುವಷ್ಟರಲ್ಲಿ ಅಂಕಿಗಳು ನಿಧಾನವಾದವು. ಹೊರಗೆ ಮಳೆ ರಪರಪ ಹೊಡೆಯುತ್ತಿದೆ, ಪರದೆಯಲ್ಲಿ ಮಾತ್ರ ಜಿನುಗುತ್ತಿದೆ.

ಮೈಮುನಮ್ಮನ ಪೆಟ್ಟಿಗೆ ಮೂವತ್ತೈದು ಸೆಂಟು ತೋರಿಸಿ ನಿಂತಿತು. ಅದು ಅರೆಬರೆ ಮಳೆ. ಮೊಗ್ಗು ಉಳಿಸಿಕೊಳ್ಳಬೇಕೆಂದು ಅವರು ಪಂಪು ಹಾಕಿಸಿದರು. ಕೆರೆ ಬರಿದಾಯಿತು. ಮಾರನೆಯ ದಿನ, ಸ್ಪ್ರಿಂಕ್ಲರಿನ ನೀರು ತಲುಪದ ಮೂಲೆಯಲ್ಲಿದ್ದ ಮಳೆಮಾಪಕದ ಕೆಳಗಿಟ್ಟಿದ್ದ ಡಬ್ಬಿಯ ನೀರನ್ನು ಅಳೆದಾಗ ಗೊತ್ತಾಯಿತು: ದಿಬ್ಬದಾಚೆ ಒಂದಿಂಚಿಗೂ ಮೇಲೆ ಮಳೆ ಸುರಿದಿತ್ತು. ನೀರು ಬಿಡುವ ಅಗತ್ಯವೇ ಇರಲಿಲ್ಲ. ಆಮೇಲೆ ಬ್ಯಾಕಿಂಗ್ ಮಳೆ ಕೈಕೊಟ್ಟಿತು. ಕೆರೆಯಲ್ಲಿ ಕೆಸರು ಬಿಟ್ಟರೆ ಏನೂ ಇರಲಿಲ್ಲ. ಮಲ್ಲಿಗೆಯ ಹಾಗೆ ಅರಳಿದ್ದ ತೋಟದಲ್ಲಿ ಕಾಯಿ ನಿಂತದ್ದು ಅಲ್ಲೊಂದು ಇಲ್ಲೊಂದು.

ಮೈಮುನಮ್ಮ ಬಸ್ಸು ಹತ್ತಿ ನಮ್ಮ ಆಫೀಸಿಗೆ ಬಂದರು. ಮೆಟ್ಟಿಲು ಹತ್ತಲು ಕಷ್ಟಪಟ್ಟು, ಕುರ್ಚಿಯಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು. ಬೈಯುತ್ತಾರೆಂದು ನಾವೆಲ್ಲ ತಲೆ ತಗ್ಗಿಸಿ ನಿಂತಿದ್ದೆವು.

"ಪೆಟ್ಟಿಗೆ ವಾಪಸು ತಂದ್ರಾ ಅಮ್ಮ?" ಎಂದು ಸಾಹೇಬರು ಮೆಲ್ಲಗೆ ಕೇಳಿದರು.

"ಎಂತಕ್ಕೆ ತರ್ಲಿ? ನನ್ನ ಮಂಡಿ ಸರಿಯಾಯ್ತಾ?" ಎಂದರು ಮೈಮುನಮ್ಮ. ಆಮೇಲೆ ನನ್ನ ಕಡೆ ತಿರುಗಿದರು. "ನೋಡಿ ಸುಮಿತ್ರಕ್ಕ, ಮಳೆ ಬಾರದೆ ಹೋದ್ರೆ ನಂಗೆ ಯಾರ ಮೇಲೂ ಸಿಟ್ಟಿಲ್ಲ. ಗೊತ್ತಿಲ್ಲ ಅಂತ ಹೇಳಿದ್ರೂ ಸಿಟ್ಟಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಹೇಳ್ತದಲ್ಲ ನಿಮ್ಮ ಪೆಟ್ಟಿಗೆ, ಅದು ನಂಗೆ ಆಗೋದಿಲ್ಲ. ಬರೋ ವರ್ಷ ನನ್ನ ಕೆರೆ ಕಾಯೋದು ನಿಮ್ಮ ಕೆಲಸ."

ಅವರು ಹೋದ ಮೇಲೆ ಸಾಹೇಬರು ಫ್ಯಾನು ಬಿಚ್ಚಿದರು. ನಾನು ಮಳೆಗಾಲವಿಡೀ ಕಾರಣ ಹುಡುಕಿದೆ.

ಆಗ ಕಂಡದ್ದನ್ನು ಸರಳವಾಗಿ ಹೇಳುತ್ತೇನೆ. ರೇಡಿಯೊದಲ್ಲಿ ಬಂದ ಪ್ರತಿ ಸಂದೇಶವನ್ನೂ ಚಿಪ್ಪು ಮೆಮೊರಿಯಲ್ಲಿ ನಾವು ತೋರಿಸಿದ ಒಂದು ಖಾನೆಯಲ್ಲಿ ಇಡುತ್ತದೆ. ಖಾನೆಗಳದ್ದೊಂದು ಸಾಲು. ಕೊನೆಯದು ತುಂಬಿದರೆ ಮತ್ತೆ ಮೊದಲನೆಯದಕ್ಕೆ ಬರುತ್ತದೆ. ಇದೇ ರಿಸೀವ್ ಬಫರ್. ಡ್ರೈವರ್ ಹಿಂದಿನಿಂದ ಖಾಲಿ ಮಾಡುತ್ತಾ ಬರಬೇಕು, ಚಿಪ್ಪು ಮುಂದಿನಿಂದ ತುಂಬುತ್ತಾ ಹೋಗಬೇಕು. ಖಾಲಿಯಾಗುವುದಕ್ಕಿಂತ ಬೇಗ ತುಂಬಿದರೆ ಚಿಪ್ಪಿಗೆ ಇಡಲು ಜಾಗವಿರುವುದಿಲ್ಲ, ಬಂದ ಸಂದೇಶ ಬಿದ್ದುಹೋಗುತ್ತದೆ. ಅದಕ್ಕೆ ಓವರ್‌ರನ್ ಎನ್ನುತ್ತಾರೆ. ಸಾಧಾರಣ ದಿನಗಳಲ್ಲಿ ನಮ್ಮ ಖಾನೆಗಳು ಅರ್ಧವೂ ತುಂಬುತ್ತಿರಲಿಲ್ಲ. ಹೂಮಳೆಯ ದಿನ ಎಲ್ಲ ಮಳೆಮಾಪಕಗಳೂ ಒಟ್ಟಿಗೆ ಮಾತಾಡಿದವು, ಎಲ್ಲ ಮನೆಗಳಲ್ಲೂ 'ಕೇಳು' ಗುಂಡಿ ಒತ್ತಿದರು. ಬೇರೆ ಸೀಮೆಯವರಾದರೆ ಮಳೆ ಬಂದಾಗ ಕಿಟಕಿ ಹಾಕಿಕೊಳ್ಳುತ್ತಿದ್ದರೋ ಏನೋ. ನಮ್ಮವರು ಗುಂಡಿ ಒತ್ತಿದರು.

ಇದನ್ನು ಆಫೀಸಿನಲ್ಲಿ ಮರುಕಳಿಸಿ ನೋಡಬೇಕಿತ್ತು. ಇದ್ದಬದ್ದ ಪೆಟ್ಟಿಗೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಕೆಳಗಿನ ಅಂಗಡಿಯವರನ್ನೂ ಕರೆದು, ಎಲ್ಲರೂ ಗುಂಡಿ ಒತ್ತಿದೆವು. ಓವರ್‌ರನ್ ಬರಲೇ ಇಲ್ಲ. ಆಗ ಸಾಹೇಬರಿಗೆ ಆಲ್ದೂರಿನ ರುದ್ರಪ್ಪನವರು ನೆನಪಾದರು. ಅವರು ಕಾಫಿ ವ್ಯಾಪಾರಿ. ಸ್ವಂತ ತೋಟ ಅಂಗೈಯಗಲ, ಆದರೆ ಜಿಲ್ಲೆಯ ಮಳೆಯೆಲ್ಲ ಅವರಿಗೆ ಬೇಕು. ಹೂಮಳೆಯ ದಿನ ಗುಂಡಿಯಿಂದ ಬೆರಳು ತೆಗೆಯದೆ ಕೂತಿದ್ದವರು ಅವರೇ ಎಂದು ರಿಸೀವರಿನಲ್ಲಿ ನೋಡಿ ತಿಳಿದಿದ್ದೆವು. ಕರೆಸಿದಾಗ ಬಿಳಿ ಪಂಚೆ ಉಟ್ಟು ಖುಷಿಯಿಂದಲೇ ಬಂದರು.

"ಒತ್ತೋ ಕೆಲ್ಸ ನಂಗೆ ಬಿಡಿ ಮಾರಾಯ್ರೆ" ಎಂದು ಕೂತು, ಎರಡು ಕೈಯಲ್ಲಿ ಎರಡು ಪೆಟ್ಟಿಗೆ ಹಿಡಿದರು. ಅವರದು ನಮ್ಮ ಹಾಗೆ ಒತ್ತಿ ಉತ್ತರಕ್ಕೆ ಕಾಯುವ ಜಾತಿಯಲ್ಲ. ಉತ್ತರ ಬರುವ ಮೊದಲೇ ಮತ್ತೆ ಒತ್ತುತ್ತಿದ್ದರು. ಸ್ವಲ್ಪ ಹೊತ್ತಿಗೆ ಖಾನೆಗಳು ತುಂಬಿ, ನಾನು ತಿಂಗಳುಗಟ್ಟಲೆ ಹುಡುಕುತ್ತಿದ್ದ ಓವರ್‌ರನ್ ಕಣ್ಣೆದುರಿಗೆ ಬಂತು. ಖುಷಿಗೆ ಅವರ ಕೈ ಹಿಡಿದು ಕುಲುಕಿಬಿಟ್ಟೆ. "ನಂಗೆ ಮಳೆ ಎಷ್ಟು ಅಂತ ಇನ್ನೂ ಬಂದಿಲ್ಲ" ಎಂದು ಅವರು ಗೊಣಗಿದರು.

ಮೊದಲು ಕಂಡ ತಪ್ಪು ನೋಡಿ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಯಾವ ಸಂದೇಶ ಬಿದ್ದುಹೋದರೂ ಆಗಿಂದಾಗಲೇ ಪರದೆಯ ಮೇಲೆ ಒಂದು ಸಾಲು ಬರೆಯಬೇಕೆಂದು ಸಾಹೇಬರು ಹಟ ಹಿಡಿದು ಮಾಡಿಸಿದ್ದರು. ಏನನ್ನೂ ಮುಚ್ಚಿಡಬಾರದು ಎಂಬ ಒಳ್ಳೆಯ ಮನಸ್ಸಿನಿಂದಲೇ. ಆದರೆ ಒಂದು ಸಾಲು ಬರೆಯುವಷ್ಟು ಹೊತ್ತಿನಲ್ಲಿ ಡ್ರೈವರ್ ಎಷ್ಟೋ ಖಾನೆ ಖಾಲಿ ಮಾಡಬಹುದಿತ್ತು. ಒಂದು ಬಿತ್ತೆಂದು ಬರೆಯುತ್ತಾ ಕೂತರೆ ಇನ್ನೂ ನಾಲ್ಕು ಬೀಳುತ್ತಿದ್ದವು, ಆ ನಾಲ್ಕನ್ನೂ ಬರೆಯಬೇಕಾಗುತ್ತಿತ್ತು. ಮನೆಗೆ ನೀರು ನುಗ್ಗುವಾಗ ಪಕ್ಕದ ಮನೆಯವರಿಗೆ ಕಷ್ಟ ಹೇಳಿಕೊಳ್ಳುತ್ತಾ ನಿಂತ ಹಾಗಾಗಿತ್ತು ನಮ್ಮ ಡ್ರೈವರಿನ ಪಾಡು. ಬರೆಯುವುದನ್ನು ತೆಗೆದು, ಬರೀ ಎಣಿಸುವುದನ್ನು ಉಳಿಸಿದೆವು. ಬಿಡುವಾದಾಗ ಒಮ್ಮೆ ನೋಡಿಕೊಂಡರೆ ಆಯಿತು.

ಎರಡನೆಯದು ಚಿಪ್ಪಿನ ಜೊತೆಗೆ ಮಾದರಿಯೆಂದು ಬಂದಿದ್ದ ಡ್ರೈವರಿನಲ್ಲಿ ಅಡಗಿತ್ತು. ಓವರ್‌ರನ್ ಆಯಿತೆಂದು ಚಿಪ್ಪು ಹೇಳಿದ ಕೂಡಲೇ ಅದು ಎಲ್ಲವನ್ನೂ ಅಳಿಸಿ, ಚಿಪ್ಪನ್ನು ಮೊದಲಿನಿಂದ ಶುರುಮಾಡುತ್ತಿತ್ತು. ಖಾನೆಗಳಲ್ಲಿ ಆಗಲೇ ಕ್ಷೇಮವಾಗಿ ಬಂದು ಕೂತಿದ್ದ ಸಂದೇಶಗಳೂ ಹೋಗುತ್ತಿದ್ದವು. ಚಿಪ್ಪು ಮತ್ತೆ ಶುರುವಾಗುವವರೆಗೆ ಅದರ ಕಿವಿಯೂ ಕೇಳುತ್ತಿರಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ, ಹಾಗೆ. ಮಕ್ಕಳೇ, ಇದನ್ನು ನೆನಪಿಡಿ: ಓವರ್‌ರನ್ ಆದಾಗ ಕೆಟ್ಟಿರುವುದು ಜಾಗ ಸಿಗದ ಸಂದೇಶ ಮಾತ್ರ. ಬಂದು ಕೂತವು ಚೆನ್ನಾಗಿಯೇ ಇರುತ್ತವೆ. ಮೊದಲು ಅವನ್ನು ಎತ್ತಿಕೊಳ್ಳಿ, ಖಾಲಿ ಖಾನೆಗಳನ್ನು ಚಿಪ್ಪಿಗೆ ಮರಳಿಸಿ, ಆಮೇಲೆ ಓವರ್‌ರನ್ನಿನ ಗುರುತು ಅಳಿಸಿ ಮುಂದಕ್ಕೆ ಹೋಗಿ. ಗಾಬರಿಯಲ್ಲಿ ಬರೆದ ಡ್ರೈವರನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಅದು ಎಲ್ಲದಕ್ಕೂ ರೀಸೆಟ್ ಮಾಡುತ್ತಿರುತ್ತದೆ.

ಇಷ್ಟಾದರೂ ರುದ್ರಪ್ಪನವರು ಗೆಲ್ಲುತ್ತಲೇ ಇದ್ದರು. ಸಾಹೇಬರು ತಮ್ಮ ಹಳೆಯ ಮದ್ದು ತೆಗೆದರು. "ದೊಡ್ಡದು ಮಾಡಿ ಸುಮಿತ್ರಮ್ಮ. ಖಾನೆ ಸಾಲದಿದ್ರೆ ಖಾನೆ ಜಾಸ್ತಿ ಮಾಡಿ. ಇದಕ್ಕೆಂತ ತಲೆ ಕೆಡಿಸ್ಕೊಳ್ಳೋದು?"

ಮಾಡಿದೆ. ಓವರ್‌ರನ್ ನಿಂತಿತು. ಸಾಹೇಬರು ಗೆದ್ದೆನೆಂದು ಎಲ್ಲರಿಗೂ ಪರೋಟ ತರಿಸಿದರು. ಅಷ್ಟರಲ್ಲಿ ರುದ್ರಪ್ಪನವರು ಕನ್ನಡಕ ಏರಿಸಿ, "ಇದೆಂತದು, ಊಟಕ್ಕೆ ಮುಂಚೆ ಕೇಳಿದ್ದಕ್ಕೆ ಈಗ ಹೇಳ್ತದೆ" ಎಂದರು. ಉದ್ದನೆಯ ಸಾಲಿನಲ್ಲಿ ಸಂದೇಶಗಳು ಬೀಳದೆ ನಿಂತಿದ್ದವು ನಿಜ, ಆದರೆ ತಮ್ಮ ಸರದಿ ಬರುವಷ್ಟರಲ್ಲಿ ಹಳಸಿದ್ದವು. ಪಂಪು ಹಾಕಿದ ಮೇಲೆ ಬರುವ ಸರಿಯಾದ ಲೆಕ್ಕ ಮೈಮುನಮ್ಮನಿಗೆ ಯಾವ ಪುರುಷಾರ್ಥಕ್ಕೆ? ಸಾಹೇಬರು ಪರೋಟ ಅರ್ಧಕ್ಕೆ ಬಿಟ್ಟು ಸ್ಕ್ರೂಡ್ರೈವರ್ ಹುಡುಕಿದರು. ಅದನ್ನು ನಾನು ಮೊದಲೇ ಬಚ್ಚಿಟ್ಟಿದ್ದೆ.

ಖಾನೆಗಳ ಸಂಖ್ಯೆಯನ್ನು ಸುಮಾರಾಗಿ ಇಳಿಸಿ, ಖಾಲಿ ಮಾಡುವ ರೀತಿಯನ್ನೇ ಬದಲಿಸಿದೆವು. ಮೊದಲು ಪ್ರತಿ ಸಂದೇಶಕ್ಕೂ ಚಿಪ್ಪು ಡ್ರೈವರನ್ನು ಕರೆಯುತ್ತಿತ್ತು, ಡ್ರೈವರ್ ಇದ್ದ ಕೆಲಸ ಬಿಟ್ಟು ಓಡಿಬಂದು ಒಂದನ್ನು ಎತ್ತಿಕೊಂಡು ಹೋಗುತ್ತಿತ್ತು. ಓಡಾಟದಲ್ಲೇ ಹೊತ್ತು ಹೋಗುತ್ತಿತ್ತು. ಈಗ ಮೊದಲ ಕೂಗಿಗೆ ಬಂದು, ಇನ್ನು ಕೂಗಬೇಡ ಎಂದು ಹೇಳಿ, ಕೈಗೆ ಸಿಕ್ಕಷ್ಟನ್ನು ಒಟ್ಟಿಗೆ ಎತ್ತಿ, ಸಾಲು ಖಾಲಿಯಾದ ಮೇಲೆ ಮತ್ತೆ ಕೂಗಲು ಬಿಡುವ ಹಾಗೆ ಮಾಡಿದೆವು. ಇದು ನಾವು ಕಂಡುಹಿಡಿದದ್ದಲ್ಲ, ಲೋಕದ ದೊಡ್ಡ ಡ್ರೈವರುಗಳೆಲ್ಲ ಆಗಲೇ ಮಾಡುತ್ತಿದ್ದದ್ದು. ನಮಗೆ ಅದರ ಅಗತ್ಯ ಅರ್ಥವಾಗಲು ರುದ್ರಪ್ಪನವರ ಹೆಬ್ಬೆರಳು ಬೇಕಾಯಿತು.

ಇನ್ನೂ ಒಂದು ಉಳಿದಿತ್ತು. ಮೈಮುನಮ್ಮನ ಮಾತು ನನ್ನ ತಲೆಯಿಂದ ಹೋಗಿರಲಿಲ್ಲ. ಎಷ್ಟು ಚೆನ್ನಾಗಿ ಬರೆದರೂ ಯಾವತ್ತೋ ಒಂದು ದಿನ ಸಂದೇಶ ಬೀಳುತ್ತದೆ. ಬಿದ್ದ ದಿನ ಪೆಟ್ಟಿಗೆ ಏನು ಹೇಳಬೇಕು? ನಮ್ಮ ಮಳೆಮಾಪಕ "ಒಂದು ಸೆಂಟು ಬಂತು, ಇನ್ನೊಂದು ಸೆಂಟು ಬಂತು" ಎಂದು ಬಿಡಿಬಿಡಿಯಾಗಿ ಹೇಳುತ್ತಿತ್ತು. ಕೂಡಿಸುವುದು ರಿಸೀವರಿನ ಕೆಲಸ. ಹಾಗಾಗಿ ಬಿದ್ದ ಪ್ರತಿ ಸಂದೇಶದ ಜೊತೆ ಒಂದು ಸೆಂಟು ಮಳೆಯೂ ಮಾಯವಾಗುತ್ತಿತ್ತು. ಇನ್ನು ಮೇಲೆ ಪ್ರತಿ ಸಂದೇಶವೂ ಮಳೆ ಶುರುವಾದಾಗಿನಿಂದ ಆದ ಒಟ್ಟು ಮೊತ್ತವನ್ನೇ ಹೇಳಲಿ ಎಂದು ಬದಲಿಸಿದೆವು. ಓವರ್‌ರನ್ ಆದ ಸುದ್ದಿಯನ್ನು ಡ್ರೈವರ್ ತನ್ನಲ್ಲೇ ಇಟ್ಟುಕೊಳ್ಳದೆ ಮೇಲಕ್ಕೆ ತಿಳಿಸಬೇಕು. ಆಗ ಪೆಟ್ಟಿಗೆಯ ಅಂಕಿ ಅಳಿಸಿ, "ಸರಿಯಾಗಿ ಗೊತ್ತಿಲ್ಲ, ಕೇಳುತ್ತಿದ್ದೇನೆ" ಎಂದು ಬರಬೇಕು. ಹೊಸ ಮೊತ್ತ ಬಂದ ಮೇಲೆಯೇ ಅಂಕಿ.

ಸಾಹೇಬರಿಗೆ ಇದು ಹಿಡಿಸಲಿಲ್ಲ. "ಗೊತ್ತಿಲ್ಲ ಅಂತ ಹೇಳೋ ಪೆಟ್ಟಿಗೇನ ಯಾರು ತಗೊಳ್ತಾರೆ ಮಾರಾಯ್ತಿ?"

"ಜಾವಳಿಯವರು ಒಬ್ರು ತಗೊಳ್ತಾರೆ ಸಾರ್" ಎಂದೆ.

ಸಾಹೇಬರು "ಹಂಗೇ ಮಾಡಿ" ಎಂದರು.

ಎರಡನೆಯ ವರ್ಷದ ಹೂಮಳೆಯ ಹೊತ್ತಿಗೆ ನನ್ನ ನಿವೃತ್ತಿ ಹತ್ತಿರವಿತ್ತು. ಮೋಡ ಕಟ್ಟಿದ್ದು ನೋಡಿ ನಾನು ಜಾವಳಿಗೇ ಹೋಗಿ ಮೈಮುನಮ್ಮನ ಜಗಲಿಯಲ್ಲಿ ಕೂತೆ. ಮಧ್ಯಾಹ್ನ ದಿಬ್ಬದಾಚೆ ಕಪ್ಪಾಯಿತು. ಪೆಟ್ಟಿಗೆಯಲ್ಲಿ ಅಂಕಿ ಏರುತ್ತಾ ನಲವತ್ತು ದಾಟಿತು, ಅಲ್ಲಿಗೆ ಅಳಿಸಿಹೋಯಿತು. "ಸರಿಯಾಗಿ ಗೊತ್ತಿಲ್ಲ, ಕೇಳುತ್ತಿದ್ದೇನೆ."

ಮೈಮುನಮ್ಮ ಸ್ವಿಚ್ಚಿನ ಪಕ್ಕ ನಿಂತಿದ್ದರು. ಎಷ್ಟು ಮಳೆಯೆಂದು ನನಗೂ ಗೊತ್ತಿರಲಿಲ್ಲ. ಅಷ್ಟು ವರ್ಷದ ಕೆಲಸದಲ್ಲಿ ನನಗೆ ಅಂಥ ಭಯ ಆಗಿದ್ದು ಅದೊಂದೇ ಸಲ. ಅವರು ಮಾತ್ರ ಸ್ಟೂಲು ಎಳೆದುಕೊಂಡು ಕೂತರು. "ಕೇಳ್ತಿದೆಯಲ್ಲ, ಕೇಳಿ ಬರ್ಲಿ. ನೀವು ಕಾಫಿ ಕುಡೀರಿ" ಎಂದರು. ಎರಡನೆಯ ಲೋಟ ಬಾಯಿಗೆ ಇಡುವಷ್ಟರಲ್ಲಿ ಅಂಕಿ ಮರಳಿ ಬಂತು. ಒಂದು ಇಂಚು, ಐದು ಸೆಂಟು. ಅವರು ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲು ಮುಚ್ಚಿ ಚಿಲಕ ಹಾಕಿದರು. ನನ್ನ ಕಣ್ಣು ಒದ್ದೆಯಾದದ್ದನ್ನು ನೋಡಿ, "ಹೊಗೆ ಜಾಸ್ತಿಯಾಯ್ತಾ?" ಎಂದರು. ಒಲೆ ಹೊತ್ತಿಸಿರಲೇ ಇಲ್ಲ, ಗ್ಯಾಸಿನಲ್ಲಿ ಮಾಡಿದ ಕಾಫಿ ಅದು.

ಆ ವರ್ಷವೂ ಬ್ಯಾಕಿಂಗ್ ಮಳೆ ಬರಲಿಲ್ಲ. ಬೆಳೆಗಾರರೆಲ್ಲ ಆಕಾಶ ನೋಡಿ ನೋಡಿ ಸೋತಿದ್ದರು. ಆದರೆ ಮೈಮುನಮ್ಮನ ಕೆರೆ ತುಂಬಿತ್ತು. ನೀರು ಬಿಡುವ ದಿನ ನನ್ನನ್ನೂ ಕರೆಸಿದರು. ಅವತ್ತು ಮಂಡಿನೋವು ಲೆಕ್ಕಿಸದೆ, ನನ್ನ ತೋಳು ಹಿಡಿದುಕೊಂಡು ದಿಬ್ಬ ಹತ್ತಿ ಬಂದರು. ಮನೆಯಲ್ಲಿ ಆಳು ಸ್ವಿಚ್ಚು ಒತ್ತಿದ. ಪೈಪುಗಳು ಗೊರಗೊರ ಎಂದು, ತೋಟದ ಉದ್ದಕ್ಕೂ ನೀರು ಎದ್ದು ಸುತ್ತತೊಡಗಿತು. ಕಚ್ಚಿದ್ದ ಮಿಡಿಗಳ ಮೇಲೆ ನೀರು ಬೀಳುವುದನ್ನು ಅವರು ನೋಡುತ್ತಾ ನಿಂತರು. ನನಗೂ ಹೊಟ್ಟೆ ತುಂಬಿದ ಹಾಗಾಯಿತು.

ಸುಮಾರು ಹೊತ್ತಾದ ಮೇಲೆ ನನ್ನ ಫೋನು ಹೊಡೆದುಕೊಂಡಿತು. ಆಫೀಸಿನಿಂದ ರಶೀದ್ ಸಾಹೇಬರು.

"ಸುಮಿತ್ರಮ್ಮ, ಜಾವಳೀಲಿ ಮಳೆಯಂತೆ! ಅರವತ್ತು ಸೆಂಟಾಗಿ ಇನ್ನೂ ಏರ್ತಿದೆ. ಮೂಡಿಗೆರೆಯಿಂದ ಕಳಸದವರೆಗೂ ಎಲ್ಲ ಮನೇಲೂ ಗುಂಡಿ ಒತ್ತುತ್ತಾ ಇದ್ದಾರೆ. ಹೂಮಳೆ ದಿನಕ್ಕಿಂತ ಜಾಸ್ತಿ. ನಿಮ್ಮ ಡ್ರೈವರ್ ಒಂದೆರಡು ಬಿಟ್ಟಿತು, ಬಿಟ್ಟೆ ಅಂತ ಹೇಳಿ ಮತ್ತೆ ಕೇಳಿ ತಗೊಂಡಿತು. ಎಲ್ಲರಿಗೂ ಉತ್ತರ ಹೋಗಿದೆ ಮಾರಾಯ್ತಿ, ಎಲ್ಲರಿಗೂ!"

ನಾನು ಸುತ್ತ ನೋಡಿದೆ. ಸಿಗ್ನಲ್ ಚೆನ್ನಾಗಿ ಸಿಗಲೆಂದು ಆ ವರ್ಷ ನಾವೇ ಮಳೆಮಾಪಕವನ್ನು ಮೂಲೆಯ ಮರಗಳ ಮರೆಯಿಂದ ಬಯಲಿಗೆ ಸರಿಸಿದ್ದೆವು. ಅದು ನಿಂತಿದ್ದದ್ದು ಸರಿಯಾಗಿ ಒಂದು ಸ್ಪ್ರಿಂಕ್ಲರಿನ ಬಾಯಿ ಕೆಳಗೆ. ನೀರು ತಿರುಗಿ ಬಂದಾಗಲೆಲ್ಲ ತಟತಟ ಎಂದು ಎಣಿಸಿ ಊರಿಗೆಲ್ಲ ಸಾರುತ್ತಿತ್ತು. ಫೋನು ಕಿವಿಗೆ ಹಿಡಿದುಕೊಂಡೇ ನಾನು ನಗತೊಡಗಿದೆ.

ಈಗ ಮೈಮುನಮ್ಮನ ಫೋನೂ ಬಡಿದುಕೊಂಡಿತು. ಆ ಕಡೆಯಿಂದ ರುದ್ರಪ್ಪನವರು ಕೂಗುತ್ತಿದ್ದದ್ದು ನನಗೂ ಕೇಳಿಸಿತು. ಆಲ್ದೂರಿನಲ್ಲಿ ಒಂದು ಹನಿ ಇಲ್ಲ, ನಿಮ್ಮಲ್ಲಿ ಮಾತ್ರ ಹೆಂಗೆ ಬಂತು, ಎಷ್ಟು ಹೊತ್ತು ಇರ್ತದೆ ಈ ಮಳೆ, ಎಂದು ಅವರು ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು.

ಮೈಮುನಮ್ಮ ಮುಖದ ಮೇಲೆ ಬಿದ್ದ ನೀರನ್ನು ಒರೆಸಿಕೊಳ್ಳಲಿಲ್ಲ. ತೋಟದ ಕೆಳಗೆ ಮಿನುಗುತ್ತಿದ್ದ ನೀರಿನ ಕಡೆ ಒಮ್ಮೆ ನೋಡಿ, ನಿಧಾನವಾಗಿ ಹೇಳಿದರು:

"ನನ್ನ ಕೆರೆ ಖಾಲಿಯಾಗೋವರೆಗೂ ಬರ್ತದೆ ಮಾರಾಯ್ರೆ."